ಜಿಂಕೆಯನ್ನು ದೂರಿದರೆ ಮೇಕೆ ಉಳಿಯದು

ಬಂಡೀಪುರದ ಅಂಚಿನ ಊರುಗಳಲ್ಲಿ ಮೇಕೆ ಸೊರಗಿದರೆ ಮೊದಲು ದೂರುವುದು ಜಿಂಕೆಯನ್ನು. ದೂರು ಪೂರ್ತಿ ಸುಳ್ಳಲ್ಲ. ರಕ್ತ ಹೀರುವ ಹೀಮಾಂಕಸ್ ಜಂತುಹುಳು ಎರಡರ ಹೊಟ್ಟೆಯಲ್ಲೂ ಬದುಕಬಲ್ಲದು. ಹಿಕ್ಕೆಯಲ್ಲಿ ಬಿದ್ದ ಮೊಟ್ಟೆ ಮಳೆಗಾಲದಲ್ಲಿ ಸುಮಾರು ಒಂದು ವಾರಕ್ಕೆ ಮರಿಹುಳುವಾಗಿ, ಒದ್ದೆ ಹುಲ್ಲನ್ನು ಹತ್ತುತ್ತದೆ. ಆದರೆ ಅದೇ ಬಯಲಿಗೆ ನಮ್ಮ ಮೇಕೆಗಳೂ ದಿನಾ ಸಾವಿರಾರು ಮೊಟ್ಟೆ ಉದುರಿಸುತ್ತವೆ.

ಇದಕ್ಕೆ ಹೆದರಿ ತಿಂಗಳಿಗೊಮ್ಮೆ ಇಡೀ ಹಿಂಡಿಗೆ ಅಂದಾಜಿನಲ್ಲಿ ಜಂತುನಾಶಕ ಕುಡಿಸುವುದು ತಪ್ಪು ಎಂಬುದು ನನ್ನ ಅಭಿಪ್ರಾಯ. ಹುಳು ಔಷಧಿಗೆ ಒಗ್ಗಿಕೊಳ್ಳುತ್ತದೆ. ನಿಜವಾಗಿ ಬೇಕಾದ ದಿನ ಔಷಧಿ ಕೆಲಸ ಮಾಡುವುದಿಲ್ಲ.

ಅಕ್ಕಂದಿರೇ, ಇಬ್ಬನಿ ಆರಿದ ಮೇಲೆ ಮೇಕೆ ಬಿಡಿ. ಹುಳು ಹೆಚ್ಚಾಗಿರುವುದು ಹುಲ್ಲಿನ ಬುಡದಲ್ಲಿ. ಆದ್ದರಿಂದ ಹಲಸು, ಅಗಸೆ ಸೊಪ್ಪನ್ನು ಎತ್ತರಕ್ಕೆ ಕಟ್ಟಿ ತಿನ್ನಿಸಿ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಕಣ್ಣಿನ ಕೆಳರೆಪ್ಪೆ ಬಿಡಿಸಿ ನೋಡಿ. ಕೆಂಪಗಿದ್ದರೆ ಚಿಂತೆಯಿಲ್ಲ. ಬಿಳಿಚಿದ್ದರೆ, ಗದ್ದದ ಕೆಳಗೆ ನೀರು ತುಂಬಿ ಊದಿದ್ದರೆ, ಆ ಮೇಕೆಗೆ ತೂಕ ನೋಡಿ ತಕ್ಷಣ ಔಷಧಿ ಕೊಡಿಸಿ. ಗಬ್ಬವಿದ್ದರೆ, ಹಾಲು ಕರೆಯುತ್ತಿದ್ದರೆ ವೈದ್ಯರಿಗೆ ಮೊದಲೇ ಹೇಳಿ.

ಮಕ್ಕಳ ಫೀಸಿಗೆ, ಮನೆಯ ಕಾಯಿಲೆಗೆ ಕೈಗೆ ಬರುವ ದುಡ್ಡೇ ಮೇಕೆ. ಜಿಂಕೆಯನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲ, ರೆಪ್ಪೆ ಬಿಡಿಸಿ ನೋಡುವುದು ಇದೆ.