ಮನವಿ ಪತ್ರ: ಮೊಬೈಲ್ ಜೋಪಾನದ ಪಾಠ ಕಾಲೇಜಿನಲ್ಲೇ ಆಗಲಿ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು, ವಿಜಯನಗರ ಜಿಲ್ಲೆ, ಹೊಸಪೇಟೆ
ಮಾನ್ಯ ಜಿಲ್ಲಾಧಿಕಾರಿಗಳು, ಬಳ್ಳಾರಿ ಜಿಲ್ಲೆ, ಬಳ್ಳಾರಿ

ಇವರಿಂದ,
ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಭಾಗದ ವಿದ್ಯಾರ್ಥಿಗಳು ಮತ್ತು ಪೋಷಕರು

ವಿಷಯ: ಮೊಬೈಲ್ ಕಳವಾಗದಂತೆ, ಕಳೆದುಹೋಗದಂತೆ ಕಾಯ್ದುಕೊಳ್ಳಲು ವಿದ್ಯಾರ್ಥಿಗಳಿಗೆ ತರಬೇತಿ ಕೊಡಿಸುವ ಹಾಗೂ ದೂರು ಸ್ವೀಕಾರ ಸರಳಗೊಳಿಸುವ ಕುರಿತು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಕಂಪ್ಲಿ, ಸಂಡೂರು ಕಡೆಯ ಹಳ್ಳಿಗಳ ಮಕ್ಕಳು ದಿನವೂ ಬಸ್ಸಿನಲ್ಲಿ ಹೊಸಪೇಟೆಯ ಕಾಲೇಜುಗಳಿಗೆ ಬಂದುಹೋಗುತ್ತಾರೆ. ಬೆಳಗಿನ ನೂಕುನುಗ್ಗಲಿನಲ್ಲಿ ಹತ್ತುವಾಗ ಬೆನ್ನಿಗೆ ಬ್ಯಾಗು, ಕೈಯಲ್ಲಿ ಪಾಸು, ಹಿಂದಿನ ಕಿಸೆಯಲ್ಲಿ ಮೊಬೈಲು. ಕಿಸೆಗಳ್ಳರಿಗೆ ಅಷ್ಟು ಸಾಕು. ಹಂಪಿ ಉತ್ಸವದ ಜಂಗುಳಿಯಲ್ಲಿ, ವಿರೂಪಾಕ್ಷನ ತೇರಿನಲ್ಲಿ, ತುಂಗಭದ್ರೆಯ ದಡದ ಬಂಡೆಯ ಮೇಲೆ ಫೋನಿಟ್ಟು ನೀರಿಗಿಳಿದಾಗ, ಹಾಸ್ಟೆಲಿನಲ್ಲಿ ಚಾರ್ಜಿಗೆ ಹಾಕಿ ಸ್ನಾನಕ್ಕೆ ಹೋದಾಗ ಮೈಮರೆವು ಇನ್ನೂ ಹೆಚ್ಚು.

ಫೋನ್ ಹೋದರೂ ಅದರ ಕಂತು ನಿಲ್ಲುವುದಿಲ್ಲ. ವಿದ್ಯಾರ್ಥಿವೇತನದ ಅರ್ಜಿಗೆ ಒಟಿಪಿ ಬರುವುದು ಆ ನಂಬರಿಗೇ. ನೋಟ್ಸು, ಅಂಕಪಟ್ಟಿ, ಅಪ್ಪ ಹಾಕಿದ ಖರ್ಚಿನ ಹಣ ಎಲ್ಲವೂ ಅದರಲ್ಲೇ. ಮನೆಗೆ ಒಂದೇ ಫೋನ್ ಇರುವ ಕುಟುಂಬಗಳೂ ನಮ್ಮಲ್ಲಿವೆ.

ಕಳೆದ ಫೋನನ್ನು ದೇಶದ ಯಾವ ನೆಟ್‌ವರ್ಕಿನಲ್ಲೂ ನಡೆಯದಂತೆ ತಡೆಯುವ ಸಿಇಐಆರ್ ವ್ಯವಸ್ಥೆ 2023ರ ಮೇ ತಿಂಗಳಿಂದ ದೇಶದಾದ್ಯಂತ ಇದೆ. ಅದಕ್ಕೆ ಫೋನಿನ 15 ಅಂಕಿಯ ಐಎಂಇಐ ಸಂಖ್ಯೆ ಬೇಕು. *#06# ಒತ್ತಿದರೆ ಅದು ಪರದೆಯ ಮೇಲೆ ಬರುತ್ತದೆ. ಒತ್ತುವುದಕ್ಕೆ ಫೋನ್ ಕೈಯಲ್ಲಿರಬೇಕಷ್ಟೆ. ಡಬ್ಬಿ, ಬಿಲ್ಲು ಎಸೆದವರಿಗೆ ಆಮೇಲೆ ಹುಡುಕುವ ದಾರಿ ಕಷ್ಟ. ಆದ್ದರಿಂದ ಈ ಪಾಠ ಫೋನ್ ಹೋಗುವ ಮೊದಲೇ ಆಗಬೇಕು.

ಇನ್ನೊಂದು ತೊಡಕು ಜಿಲ್ಲೆಯ ಗಡಿಯದು. 2021ರಲ್ಲಿ ವಿಜಯನಗರ ಜಿಲ್ಲೆಯಾದ ಮೇಲೆ ಹೊಸಪೇಟೆ, ಹಂಪಿ ಒಂದು ಜಿಲ್ಲೆಗೆ ಸೇರಿದವು. ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಬಸ್ಸಿನಲ್ಲಿ ಕಳವಾದ ಫೋನ್ ಗಡಿಯ ಯಾವ ಕಡೆ ಹೋಯಿತೆಂದು ಯಾರು ಹೇಳಬೇಕು? 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ, ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು. ಮಕ್ಕಳಿಗೆ ಇದು ಗೊತ್ತಿಲ್ಲ. ಠಾಣೆಯ ಅಂಜಿಕೆಯಿಂದ, ಕಳವಾದದ್ದನ್ನೂ ‘ಎಲ್ಲೋ ಬಿದ್ದುಹೋಯಿತು’ ಎಂದು ಬರೆದುಕೊಟ್ಟು ಬರುವವರಿದ್ದಾರೆ.

ನಮ್ಮ ಬೇಡಿಕೆಗಳು:

1. ಪಿಯು, ಪದವಿ, ಐಟಿಐ ಮತ್ತು ವಿಶ್ವವಿದ್ಯಾಲಯಗಳಲ್ಲಿ ಪ್ರವೇಶವಾದ ಮೊದಲ ತಿಂಗಳಲ್ಲೇ ಪೊಲೀಸರಿಂದ ಒಂದು ತಾಸಿನ ಪ್ರಾತ್ಯಕ್ಷಿಕೆ ನಡೆಸಬೇಕು. ಪ್ರತಿಯೊಬ್ಬರೂ ಅಲ್ಲೇ ಐಎಂಇಐ ಬರೆದುಕೊಂಡು ಒಂದು ಪ್ರತಿಯನ್ನು ಮನೆಯಲ್ಲಿಡಬೇಕು. ಪರದೆಯ ಲಾಕ್, ಸಿಮ್ ಪಿನ್, ಫೋನ್ ಹುಡುಕುವ ಸೌಲಭ್ಯವನ್ನು ಅಲ್ಲೇ ಹಾಕಿಕೊಳ್ಳಬೇಕು.

2. ಫೋನ್ ಹೋದ ಕೂಡಲೇ ಮಾಡಬೇಕಾದ್ದನ್ನು ಕನ್ನಡದ ಒಂದೇ ಹಾಳೆಯಲ್ಲಿ ಅಚ್ಚು ಹಾಕಿಸಿ ಹಾಸ್ಟೆಲ್, ಬಸ್ ನಿಲ್ದಾಣಗಳಲ್ಲಿ ಅಂಟಿಸಬೇಕು: ಸಿಮ್ ಬಂದ್ ಮಾಡಿಸುವುದು, ಬ್ಯಾಂಕಿಗೆ ತಿಳಿಸುವುದು, ಠಾಣೆಯಲ್ಲಿ ದೂರು ಕೊಡುವುದು, ದೂರಿನ ಪ್ರತಿಯೊಂದಿಗೆ ಸಿಇಐಆರ್‌ನಲ್ಲಿ ದಾಖಲಿಸುವುದು, ಖಾತೆಯಿಂದ ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡುವುದು.

3. ಎರಡೂ ಜಿಲ್ಲೆಗಳ ಯಾವುದೇ ಠಾಣೆಯಲ್ಲಿ ವಿದ್ಯಾರ್ಥಿಗಳ ದೂರು ಪಡೆದು ಅದೇ ದಿನ ಸ್ವೀಕೃತಿ ಕೊಡಬೇಕು. ಕಳವನ್ನು ಕಳವೆಂದೇ ಬರೆದುಕೊಳ್ಳಬೇಕು.

4. ಕಾಲೇಜಿನ ವೇಳೆಗೆ ಹೊಸಪೇಟೆ–ಕಂಪ್ಲಿ, ಹೊಸಪೇಟೆ–ಸಂಡೂರು ಮಾರ್ಗಗಳಲ್ಲಿ ಹೆಚ್ಚಿನ ಬಸ್ ಓಡಿಸಬೇಕು. ನಿಲ್ದಾಣಗಳಲ್ಲಿ ಸರತಿ ಸಾಲಿನ ವ್ಯವಸ್ಥೆ ಹಾಗೂ ಸಿಸಿಟಿವಿ ನಿಗಾ ಇರಬೇಕು.

5. ಹಂಪಿ ಉತ್ಸವ ಮತ್ತು ರಥೋತ್ಸವದ ದಿನಗಳಲ್ಲಿ, ಮೊಬೈಲ್ ದೂರುಗಳಿಗೆಂದೇ ಪೊಲೀಸ್ ಸಹಾಯ ಕೇಂದ್ರ ತೆರೆಯಬೇಕು.

6. ಕದ್ದ ಫೋನ್ ಕೊಳ್ಳುವವರಿದ್ದರೆ ಕದಿಯುವವರೂ ಇರುತ್ತಾರೆ. ಹಳೆಯ ಫೋನ್ ಕೊಳ್ಳುವ ಮುನ್ನ ‘ಕೆವೈಎಂ’ ಜೊತೆ ಐಎಂಇಐ ಸೇರಿಸಿ 14422ಕ್ಕೆ ಎಸ್‌ಎಂಎಸ್ ಕಳಿಸಿ ಪರೀಕ್ಷಿಸುವುದನ್ನು ವಿದ್ಯಾರ್ಥಿಗಳಿಗೂ ಅಂಗಡಿಯವರಿಗೂ ಕಲಿಸಬೇಕು.

ಇವುಗಳಲ್ಲಿ ಮೊದಲನೆಯದಕ್ಕೆ ಬೇಕಾದದ್ದು ಒಬ್ಬ ಪೊಲೀಸ್ ಸಿಬ್ಬಂದಿ, ಒಂದು ತಾಸು ಮತ್ತು ಮಕ್ಕಳ ಕೈಯಲ್ಲಿ ಈಗಾಗಲೇ ಇರುವ ಫೋನ್. ಕನಿಷ್ಠ ಅದನ್ನಾದರೂ ಈ ಶೈಕ್ಷಣಿಕ ವರ್ಷದಲ್ಲೇ ಆರಂಭಿಸಿ, ಉಳಿದವುಗಳ ಬಗ್ಗೆ ಎರಡೂ ಜಿಲ್ಲೆಗಳ ಅಧಿಕಾರಿಗಳ ಜಂಟಿ ಸಭೆ ಕರೆಯಬೇಕೆಂದು ಪ್ರಾರ್ಥಿಸುತ್ತೇವೆ.



ತಮ್ಮ ವಿಶ್ವಾಸಿಗಳು,
ವಿದ್ಯಾರ್ಥಿಗಳು ಮತ್ತು ಪೋಷಕರು
ಸ್ಥಳ: ಹೊಸಪೇಟೆ

ಪ್ರತಿ: ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳು, ವಿಜಯನಗರ ಮತ್ತು ಬಳ್ಳಾರಿ, ವಿಭಾಗೀಯ ನಿಯಂತ್ರಣಾಧಿಕಾರಿಗಳು, ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮ, ಹೊಸಪೇಟೆ.