ವಯಂ ರಕ್ಷಾಮಃ: ಕಡಲ ಕಾವಲಿನ ಬಗ್ಗೆ ಕೆಲವು ಮಾತು



2025ರ ಜೂನ್ 9ರಂದು ಕೇರಳದ ಕರಾವಳಿಯಾಚೆ ‘ವಾನ್ ಹೈ 503’ ಎಂಬ ಕಂಟೇನರ್ ಹಡಗಿಗೆ ಬೆಂಕಿ ಬಿದ್ದುದು ನಿಮಗೆ ನೆನಪಿರಬಹುದು. ಅದರಲ್ಲಿದ್ದ 22 ಮಂದಿಯ ಪೈಕಿ 18 ಮಂದಿ ಹಡಗನ್ನು ತೊರೆದು ಪಾರಾದರು. ಅವರನ್ನು ನೌಕಾಪಡೆಯ ‘ಸೂರತ್’ ಹಡಗು ಮಂಗಳೂರಿಗೆ ಕರೆತಂದಿತು. ನಾಲ್ವರು ಕಾಣೆಯಾದರು. ಇತ್ತ ಉರಿಯುತ್ತಿದ್ದ ಹಡಗಿಗೆ ದಿನಗಟ್ಟಲೆ ನೀರೆರಚಿದ್ದು, ಹೆಲಿಕಾಪ್ಟರಿನಿಂದ ಅದರ ಮೇಲೆ ಆಳನ್ನಿಳಿಸಿ ಎಳೆಯುವ ಹಗ್ಗ ಕಟ್ಟಿಸಿದ್ದು, ಅದು ದಡದತ್ತ ತೇಲಿ ಬಾರದಂತೆ ಹೆಣಗಿದ್ದು ಭಾರತೀಯ ತಟರಕ್ಷಣಾ ಪಡೆ. ನಾವು ಬಳಕೆಯಲ್ಲಿ ‘ಕೋಸ್ಟ್ ಗಾರ್ಡ್’ ಎನ್ನುತ್ತೇವಲ್ಲ, ಅದು.

ಆ ದಿನಗಳಲ್ಲಿ ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿಯಲ್ಲಿ ಕೇಳಿದ: “ಸರ್, ನೌಕಾಪಡೆ ಇರುವಾಗ ಇನ್ನೊಂದು ಪಡೆ ಯಾಕೆ? ಎರಡೂ ಒಂದೇ ಅಲ್ವಾ?” ಪ್ರಶ್ನೆ ಚಿಕ್ಕದು, ಉತ್ತರ ಅಷ್ಟು ಚಿಕ್ಕದಲ್ಲ. ನಾನು ಸಮಾಜ ವಿಜ್ಞಾನ ಬೋಧಿಸುತ್ತಿದ್ದ ಕಾಲದಲ್ಲಿ ಭೂಸೇನೆ, ನೌಕಾಪಡೆ, ವಾಯುಪಡೆಗಳಿಗೆ ಪುಟಗಟ್ಟಲೆ ಪಾಠವಿದ್ದರೆ ಈ ಪಡೆಗೆ ದೊರಕುತ್ತಿದ್ದುದು ಕೆಲವೇ ಸಾಲು. ಆದ್ದರಿಂದ ಈ ಬಾರಿ ಅದರ ಬಗ್ಗೆಯೇ ಬರೆಯುತ್ತೇನೆ. ಜೊತೆಗೆ ನನ್ನದೊಂದು ಅಭಿಪ್ರಾಯವನ್ನೂ ನಿಮ್ಮ ಮುಂದಿಡುತ್ತೇನೆ.

ಮೊದಲು ಇತಿಹಾಸ. 1960 ಮತ್ತು 70ರ ದಶಕಗಳಲ್ಲಿ ನಮ್ಮ ಪಶ್ಚಿಮ ಕರಾವಳಿ ಚಿನ್ನ, ಗಡಿಯಾರ, ಬಟ್ಟೆಗಳ ಕಳ್ಳಸಾಗಣೆಗೆ ಹೆಸರಾಗಿತ್ತು. ಸುಂಕದ ಇಲಾಖೆಯ ಬಳಿ ಕಳ್ಳದೋಣಿಗಳನ್ನು ಬೆನ್ನಟ್ಟಬಲ್ಲ ಸಾಧನಗಳಿರಲಿಲ್ಲ. ಯುದ್ಧಕ್ಕೆಂದು ಕಟ್ಟಿದ ನೌಕೆಯನ್ನು ಕಳ್ಳನ ಹಿಂದೆ ಓಡಿಸುವುದು ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಹೂಡಿದಂತೆ. ಈ ಸಮಸ್ಯೆಯನ್ನು ಪರಿಶೀಲಿಸಲು ಕೆ. ಎಫ್. ರುಸ್ತಂಜಿಯವರ ಅಧ್ಯಕ್ಷತೆಯಲ್ಲಿ 1974ರಲ್ಲಿ ಸಮಿತಿಯೊಂದು ರಚನೆಯಾಯಿತು. ಪ್ರತ್ಯೇಕ ಪಡೆಯೊಂದು ಬೇಕೆಂಬುದೇ ಅದರ ಶಿಫಾರಸು. ಅಷ್ಟರಲ್ಲಿ 1976ರ ಕಡಲ ವಲಯಗಳ ಕಾಯ್ದೆಯಿಂದ ತೀರದಿಂದ 12 ನಾಟಿಕಲ್ ಮೈಲಿನವರೆಗೆ ನಮ್ಮ ಪ್ರಾದೇಶಿಕ ಜಲ, 200 ನಾಟಿಕಲ್ ಮೈಲಿನವರೆಗೆ ನಮ್ಮ ಅನನ್ಯ ಆರ್ಥಿಕ ವಲಯ ಎಂಬುದು ಸ್ಪಷ್ಟವಾಯಿತು. ಒಂದು ನಾಟಿಕಲ್ ಮೈಲೆಂದರೆ 1.852 ಕಿಲೋಮೀಟರು. ಹೀಗೆ 20 ಲಕ್ಷ ಚದರ ಕಿಲೋಮೀಟರಿಗೂ ಹೆಚ್ಚಿನ ನೀರು ನಮ್ಮ ಪಾಲಿಗೆ ಬಂತು. ಅದರ ಮೀನು, ತೈಲ, ಖನಿಜಗಳ ಮೇಲೆ ಹಕ್ಕು ಬಂದ ಮೇಲೆ ಕಾಯುವವರು ಬೇಡವೇ?

1977ರ ಫೆಬ್ರುವರಿ 1ರಂದು ಈ ಪಡೆ ತಾತ್ಕಾಲಿಕವಾಗಿ ಆರಂಭವಾಯಿತು. ಆಗ ಇದ್ದುದು ಒಟ್ಟು ಏಳು ನೌಕೆಗಳು: ನೌಕಾಪಡೆ ಬಿಟ್ಟುಕೊಟ್ಟ ಎರಡು ಹಳೆಯ ಯುದ್ಧನೌಕೆಗಳು ಮತ್ತು ಐದು ಗಸ್ತು ದೋಣಿಗಳು. 1978ರ ಆಗಸ್ಟಿನಲ್ಲಿ ಸಂಸತ್ತಿನ ಕಾಯ್ದೆಯ ಮೂಲಕ ಅದಕ್ಕೆ ಶಾಶ್ವತ ಸ್ವರೂಪ ದೊರೆಯಿತು. ವೈಸ್ ಅಡ್ಮಿರಲ್ ವಿ. ಎ. ಕಾಮತರು ಮೊದಲ ಮಹಾನಿರ್ದೇಶಕರು. ‘ವಯಂ ರಕ್ಷಾಮಃ’, ಅಂದರೆ ‘ನಾವು ರಕ್ಷಿಸುತ್ತೇವೆ’ ಎಂಬುದು ಅದರ ಧ್ಯೇಯವಾಕ್ಯ.

ಈ ಧ್ಯೇಯವಾಕ್ಯದಲ್ಲಿ ‘ಜಯ’ ಎಂಬ ಶಬ್ದವಿಲ್ಲ, ‘ಶತ್ರು’ ಎಂಬ ಶಬ್ದವೂ ಇಲ್ಲ. ಎರಡು ಪಡೆಗಳ ನಡುವಣ ವ್ಯತ್ಯಾಸ ಇಲ್ಲಿಯೇ ಇದೆ. ಎರಡೂ ರಕ್ಷಣಾ ಸಚಿವಾಲಯಕ್ಕೆ ಸೇರಿದವು, ನಿಜ. ಆದರೆ ನೌಕಾಪಡೆಯ ಮುಖ್ಯ ಸಿದ್ಧತೆ ಯುದ್ಧಕ್ಕಾಗಿ. ತಟರಕ್ಷಣಾ ಪಡೆಯ ನಿತ್ಯದ ದುಡಿಮೆ ಶಾಂತಿಕಾಲದಲ್ಲಿ. ಕಾಯ್ದೆಯ 14ನೆಯ ಕಲಮು ಅದರ ಕರ್ತವ್ಯಗಳನ್ನು ಪಟ್ಟಿ ಮಾಡುತ್ತದೆ: ಕಡಲಲ್ಲಿರುವ ತೈಲಬಾವಿಗಳೇ ಮೊದಲಾದ ನಿರ್ಮಾಣಗಳ ರಕ್ಷಣೆ, ಮೀನುಗಾರರ ರಕ್ಷಣೆ ಹಾಗೂ ಸಂಕಟದಲ್ಲಿ ನೆರವು, ಕಡಲ ಪರಿಸರದ ಸಂರಕ್ಷಣೆ, ಕಳ್ಳಸಾಗಣೆ ತಡೆಯಲು ಸುಂಕದವರಿಗೆ ಸಹಾಯ, ಕಡಲ ಕಾನೂನುಗಳ ಜಾರಿ, ಜೀವ ಮತ್ತು ಸೊತ್ತಿನ ಸುರಕ್ಷತೆ, ವೈಜ್ಞಾನಿಕ ಮಾಹಿತಿಯ ಸಂಗ್ರಹ. ಮೀನುಗಾರನ ರಕ್ಷಣೆ ಈ ಪಟ್ಟಿಯಲ್ಲಿ ಎರಡನೆಯ ಸ್ಥಾನದಲ್ಲಿದೆ ಎಂಬುದನ್ನು ದಯವಿಟ್ಟು ಗಮನಿಸಿ. ನನ್ನ ಅಭಿಪ್ರಾಯವೆಲ್ಲ ಅದರ ಸುತ್ತಲೇ ಇದೆ.

ಪಡೆಯ ಕೇಂದ್ರ ಕಚೇರಿ ದೆಹಲಿಯಲ್ಲಿದೆ. ಗಾಂಧಿನಗರ, ಮುಂಬಯಿ, ಚೆನ್ನೈ, ಕೋಲ್ಕತ್ತ ಮತ್ತು ಅಂಡಮಾನ್‌ಗಳಲ್ಲಿ ಐದು ಪ್ರಾಂತೀಯ ಕೇಂದ್ರಗಳಿವೆ. ಅವುಗಳ ಕೆಳಗೆ ಜಿಲ್ಲಾ ಕೇಂದ್ರಗಳು. ಕರ್ನಾಟಕದ ಕರಾವಳಿಯನ್ನು ನೋಡಿಕೊಳ್ಳುವ 3ನೆಯ ಜಿಲ್ಲಾ ಕೇಂದ್ರ ನಮ್ಮ ಪಣಂಬೂರಿನಲ್ಲಿಯೇ ಇದೆ. ಕಾರವಾರದಲ್ಲಿಯೂ ಒಂದು ಠಾಣೆಯಿದೆ. ಏಳರಿಂದ ಆರಂಭವಾದ ನೌಕಾಬಲ ಇಂದು ಸುಮಾರು 150ಕ್ಕೆ ಏರಿದೆ. ವಿಮಾನ ಮತ್ತು ಹೆಲಿಕಾಪ್ಟರುಗಳು 70ಕ್ಕೂ ಹೆಚ್ಚು.

ಒಂದೊಂದು ನೌಕೆಗೂ ಅದರದೇ ಕೆಲಸ. ಸುಮಾರು ನೂರು ಮೀಟರ್ ಉದ್ದದ, ಬೆನ್ನ ಮೇಲೆ ಹೆಲಿಕಾಪ್ಟರ್ ಇಳಿಸಿಕೊಳ್ಳಬಲ್ಲ ದೊಡ್ಡ ಗಸ್ತು ಹಡಗುಗಳು ವಾರಗಟ್ಟಲೆ ದೂರದ ಕಡಲಿನಲ್ಲಿ ಸುತ್ತುತ್ತವೆ. ಅದರ ಅರ್ಧದಷ್ಟು ಉದ್ದದ ವೇಗದ ಹಡಗುಗಳು ನಡುನೀರಿಗೆ. ಚಿಕ್ಕ ಬೆನ್ನಟ್ಟು ದೋಣಿಗಳು ತೀರದ ಸಮೀಪಕ್ಕೆ. ಗಾಳಿಯ ದಿಂಬಿನ ಮೇಲೆ ತೇಲುತ್ತ ನೀರಿನಲ್ಲೂ ಕೆಸರಿನಲ್ಲೂ ಓಡುವ ಹೋವರ್‌ಕ್ರಾಫ್ಟುಗಳು ಕಚ್ಛ್‌ನಂಥ ಆಳವಿಲ್ಲದ ಜಾಗಗಳಿಗೆ. ‘ಸಮುದ್ರ ಪ್ರಹರಿ’ಯಂಥ ಹಡಗುಗಳಿಗೆ ನೀರಿನ ಮೇಲೆ ಹರಡಿದ ತೈಲವನ್ನು ಬಳಿದು ತೆಗೆಯುವುದೇ ಕಸುಬು. ಮೇಲಿನಿಂದ ಹುಡುಕಲು ಡಾರ್ನಿಯರ್ ವಿಮಾನಗಳು. ಮುಳುಗುವವನನ್ನು ಎತ್ತಿಕೊಳ್ಳಲು ಚೇತಕ್ ಮತ್ತು ಧ್ರುವ ಹೆಲಿಕಾಪ್ಟರುಗಳು. ಧ್ರುವವನ್ನು ಕಟ್ಟಿದ್ದು ಬೆಂಗಳೂರಿನ ಎಚ್‌ಎಎಲ್.

ಈ ಪಡೆಯ ಕೆಲಸದ ವೈವಿಧ್ಯ ಅಚ್ಚರಿ ಹುಟ್ಟಿಸುವಂಥದು. 1999ರ ನವೆಂಬರಿನಲ್ಲಿ ಕಡಲ್ಗಳ್ಳರು ಅಪಹರಿಸಿ ಹೆಸರನ್ನೇ ಬದಲಿಸಿದ್ದ ‘ಅಲೋಂಡ್ರಾ ರೇನ್‌ಬೋ’ ಎಂಬ ಹಡಗನ್ನು ತಟರಕ್ಷಣಾ ಪಡೆಯ ‘ತಾರಾಬಾಯಿ’ಯೂ ನೌಕಾಪಡೆಯ ‘ಪ್ರಹಾರ’ವೂ ಅರಬ್ಬೀ ಸಮುದ್ರದಲ್ಲಿ ಬೆನ್ನಟ್ಟಿ ಹಿಡಿದವು. ಅದೇ ಪಡೆ ಪ್ರತಿ ವರ್ಷ ಒಡಿಶಾದ ತೀರದಲ್ಲಿ ಮೊಟ್ಟೆಯಿಡಲು ಬರುವ ಆಲಿವ್ ರಿಡ್ಲಿ ಆಮೆಗಳಿಗೂ ಕಾವಲು ನಿಲ್ಲುತ್ತದೆ. ನಮ್ಮೂರ ಕಡೆಗೆ ಬಂದರೆ, 2021ರ ಮೇ ತಿಂಗಳ ತೌಕ್ತೆ ಚಂಡಮಾರುತದಲ್ಲಿ ಮೂಲ್ಕಿಯ ಸಮೀಪ ಬಂಡೆಗಳ ನಡುವೆ ಸಿಕ್ಕಿಕೊಂಡ ಟಗ್ ನೌಕೆಯಿಂದ 9 ಮಂದಿಯನ್ನು ತಟರಕ್ಷಣಾ ಪಡೆ ಮತ್ತು ನೌಕಾಪಡೆಗಳು ಸೇರಿ ಪಾರು ಮಾಡಿದವು. 2022ರ ಜೂನಿನಲ್ಲಿ ಉಳ್ಳಾಲದಾಚೆ ‘ಪ್ರಿನ್ಸೆಸ್ ಮಿರಾಲ್’ ಹಡಗಿಗೆ ನೀರು ನುಗ್ಗಿದಾಗ ಅದರಲ್ಲಿದ್ದ 15 ಮಂದಿ ಸಿರಿಯಾ ದೇಶದ ನಾವಿಕರನ್ನು ಉಳಿಸಿದ್ದು ಈ ಪಡೆಯೇ. 1977ರಿಂದ ಈಚೆಗೆ ಹೀಗೆ ಉಳಿದ ಜೀವಗಳು 11 ಸಾವಿರಕ್ಕೂ ಮಿಗಿಲು.

ಇನ್ನು ನನ್ನ ಅಭಿಪ್ರಾಯಕ್ಕೆ ಬರುತ್ತೇನೆ. 2008ರ ನವೆಂಬರ್ 26ರಂದು ಹತ್ತು ಮಂದಿ ಭಯೋತ್ಪಾದಕರು ‘ಕುಬೇರ್’ ಎಂಬ ಮೀನುಗಾರಿಕಾ ಬೋಟನ್ನು ವಶಪಡಿಸಿಕೊಂಡು ಮುಂಬಯಿ ತಲಪಿದರು. ಆ ಬಳಿಕ, 2009ರಲ್ಲಿ, ಪ್ರಾದೇಶಿಕ ಜಲದ ಭದ್ರತೆಯ ಹೊಣೆಯನ್ನೂ ತಟರಕ್ಷಣಾ ಪಡೆಗೆ ವಹಿಸಲಾಯಿತು. ರಾಡಾರುಗಳು ಬಂದವು, ಕರಾವಳಿ ಪೊಲೀಸ್ ವ್ಯವಸ್ಥೆ ಬಲಗೊಂಡಿತು, ಮೀನುಗಾರರಿಗೆ ಗುರುತಿನ ಚೀಟಿ ಬಂತು, ಬೋಟುಗಳಿಗೆ ನೋಂದಣಿಯ ಕಟ್ಟುನಿಟ್ಟು ಬಂತು. ಇವೆಲ್ಲವೂ ಅಗತ್ಯವೇ. ಅಂಥ ರಾತ್ರಿಯನ್ನು ಕಂಡ ದೇಶ ಬಾಗಿಲಿಗೆ ಚಿಲಕ ಹಾಕಿಕೊಂಡರೆ ಅದನ್ನು ತಪ್ಪೆನ್ನಲಾಗದು.

ಆದರೆ ಅಂದಿನಿಂದ ನಮ್ಮ ಮಾತುಗಳಲ್ಲಿ ‘ಕಾಯುವುದು’ ಮುಂದಾಗಿ ‘ಉಳಿಸುವುದು’ ಹಿಂದಾಯಿತೇನೋ ಎಂಬ ಶಂಕೆ ನನ್ನದು. ಸಭೆಗಳಲ್ಲಿ ಮೀನುಗಾರರನ್ನು ‘ದೇಶದ ಕಣ್ಣು, ಕಿವಿ’ ಎಂದು ಹೊಗಳುತ್ತೇವೆ. ಅದೇ ಮೀನುಗಾರ ತಪಾಸಣೆಗೆ ನಿಂತಾಗ ತನ್ನನ್ನು ಶಂಕೆಯಿಂದ ನೋಡುತ್ತಾರೆಂದು ನೊಂದುಕೊಂಡರೆ ಆ ಕಣ್ಣು ಮುಚ್ಚುತ್ತದೆ, ಕಿವಿ ಕಿವುಡಾಗುತ್ತದೆ. ಅಪರಿಚಿತ ದೋಣಿಯನ್ನು ಮೊದಲು ಕಾಣುವವನು ರಾಡಾರಿನ ಮುಂದೆ ಕುಳಿತವನಲ್ಲ, ಬಲೆ ಬೀಸುವವನು. ಅವನು ಸುದ್ದಿ ಕೊಡಬೇಕಾದರೆ ಅವನಿಗೆ ಒಂದು ನಂಬಿಕೆಯಿರಬೇಕು: ‘ನಾನು ಮುಳುಗುವಾಗ ಇವರು ಬರುತ್ತಾರೆ.’ ಆದ್ದರಿಂದ ಜೀವರಕ್ಷಣೆ ಎಂಬುದು ಭದ್ರತೆಗಿಂತ ಬೇರೆಯಾದ ಇನ್ನೊಂದು ಕೆಲಸವಲ್ಲ. ಭದ್ರತೆಯ ಅಡಿಪಾಯವೇ ಅದು.

‘ಸುವರ್ಣ ತ್ರಿಭುಜ’ವನ್ನು ಕರಾವಳಿಯವರು ಯಾರೂ ಮರೆತಿಲ್ಲ. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಏಳು ಮಂದಿಯನ್ನು ಹೊತ್ತು ಹೊರಟ ಆ ಬೋಟು ಎರಡು ದಿನಗಳ ಅನಂತರ ಸಂಪರ್ಕಕ್ಕೆ ಸಿಗದಾಯಿತು. ಎರಡೂ ಪಡೆಗಳು ಹುಡುಕಿದವು. ಬೋಟಿನ ಅವಶೇಷ ಮಹಾರಾಷ್ಟ್ರದ ಮಾಲ್ವಣದಾಚೆ ಕಡಲ ತಳದಲ್ಲಿ ಪತ್ತೆಯಾದದ್ದು 2019ರ ಮೇ ತಿಂಗಳಲ್ಲಿ. ಆ ನಾಲ್ಕೂವರೆ ತಿಂಗಳು ಉಡುಪಿ ಮತ್ತು ಉತ್ತರ ಕನ್ನಡದ ಏಳು ಮನೆಗಳು ಬಾಗಿಲಲ್ಲಿ ಕಣ್ಣಿಟ್ಟು ಕಾದವು. ಕಡಲು ಅಗಾಧ. ಎಲ್ಲಿ ಹುಡುಕಬೇಕೆಂದು ತಿಳಿಯದಿದ್ದರೆ ಎಷ್ಟು ಹಡಗುಗಳಿದ್ದರೂ ಸಾಲದು. ಹುಡುಕುವವನಿಗೆ ಹಡಗು ಎಷ್ಟು ಮುಖ್ಯವೋ ಕಳೆದುಹೋದವನ ಬೋಟಿನಲ್ಲಿ ಒಂದು ಪುಟ್ಟ ಸಂಕೇತಯಂತ್ರವೂ ಅಷ್ಟೇ ಮುಖ್ಯ.

ಇಸ್ರೋದ ತಂತ್ರಜ್ಞಾನದಿಂದ ಅಂಥ ಯಂತ್ರ, ಅಂದರೆ ಟ್ರಾನ್ಸ್‌ಪಾಂಡರ್, ಈಗ ಸಿದ್ಧವಿದೆ. ಒಂದು ಲಕ್ಷ ಬೋಟುಗಳಿಗೆ ಅದನ್ನು ಅಳವಡಿಸುವ ಯೋಜನೆ 2024ರ ಆಗಸ್ಟಿನಲ್ಲಿ ಉದ್ಘಾಟನೆಗೊಂಡಿತು. ಮೊಬೈಲ್ ಸಿಗದಷ್ಟು ದೂರದಿಂದಲೂ ಉಪಗ್ರಹದ ಮೂಲಕ ಸಂದೇಶ ಕಳುಹಿಸಬಹುದು, ಪಡೆಯಲೂಬಹುದು. ತಮ್ಮ ಮೀನಿನ ಜಾಗ ಇತರರಿಗೆ ತಿಳಿದುಬಿಡುತ್ತದೆಂದು ದಕ್ಕೆಯಲ್ಲಿ ಅಂಜುವವರನ್ನು ನಾನು ಬಲ್ಲೆ. ಅವರಿಗೆ ಬುದ್ಧಿವಾದ ಹೇಳುವುದಕ್ಕಿಂತ ಆ ಮಾಹಿತಿ ದುರುಪಯೋಗವಾಗದೆಂಬ ಭರವಸೆ ಕೊಡುವುದು ಸರಕಾರದ ಕರ್ತವ್ಯ. ಯಂತ್ರವನ್ನು ಚಾಲೂ ಇಟ್ಟುಕೊಳ್ಳುವುದು ತಾಂಡೇಲರ ಕರ್ತವ್ಯ.

ಉಳಿಸಲು ಹೋಗುವವರೂ ಮನುಷ್ಯರೇ ಎಂಬುದನ್ನು ಮರೆಯಬಾರದು. 2024ರ ಸೆಪ್ಟೆಂಬರ್ 2ರ ರಾತ್ರಿ ಗುಜರಾತಿನ ಪೋರಬಂದರಿನಾಚೆ ಹಡಗೊಂದರಲ್ಲಿದ್ದ ಗಾಯಾಳುವನ್ನು ಕರೆತರಲು ಹೋದ ಧ್ರುವ ಹೆಲಿಕಾಪ್ಟರ್ ಕಡಲಿಗೆ ಬಿದ್ದು, ಅದರಲ್ಲಿದ್ದ ನಾಲ್ವರಲ್ಲಿ ಮೂವರು ಜೀವ ತೆತ್ತರು. ಯುದ್ಧವಿಲ್ಲದ ದಿನವೂ ಪ್ರಾಣ ಒತ್ತೆಯಿಡುವ ಪಡೆಯಿದು. ಅದಕ್ಕೆ ಪಾಠಪುಸ್ತಕದಲ್ಲಿ ಕೆಲವು ಸಾಲು ಸಾಕೇ? ಭಟ್ಕಳ, ಗಂಗೊಳ್ಳಿ, ಮಲ್ಪೆ, ಉಳ್ಳಾಲದ ಶಾಲೆಗಳಲ್ಲಾದರೂ ಒಂದು ಪೂರ್ಣ ಪಾಠವಿರಲಿ. ವರ್ಷಕ್ಕೊಮ್ಮೆ ಪಣಂಬೂರಿನ ಹಡಗನ್ನು ಮಕ್ಕಳು ಕಣ್ಣಾರೆ ನೋಡಲಿ. ಮೊಗವೀರರ, ಖಾರ್ವಿಗಳ ಮನೆಯ ಮಕ್ಕಳಿಗೆ ಗಾಳಿಯ ಗುಣ, ನೀರಿನ ಗುಣ ಹುಟ್ಟಿನಿಂದಲೇ ತಿಳಿದಿರುತ್ತದೆ. ಪಿಯುಸಿಯಲ್ಲಿ ಗಣಿತ ಮತ್ತು ಭೌತಶಾಸ್ತ್ರ ಓದಿದವರಿಗೆ ‘ನಾವಿಕ’ ಹುದ್ದೆಯ ಬಾಗಿಲು ತೆರೆದಿದೆ. ತಪಾಸಣೆಗೆ ಬರುವ ಸಮವಸ್ತ್ರದೊಳಗೆ ತಮ್ಮೂರ ಹುಡುಗನೇ ಇದ್ದರೆ ಮೀನುಗಾರನ ಅರ್ಧ ಸಂಕೋಚ ಅಲ್ಲಿಯೇ ಕರಗುತ್ತದೆ.

ಕೊನೆಗೊಂದು ಮಾತು, ಮೇಷ್ಟ್ರು ಕೊಟ್ಟ ಮನೆಗೆಲಸವೆಂದೇ ತಿಳಿಯಿರಿ. ಕಡಲಿನಲ್ಲಿ ಅಪಾಯವಾದರೆ ತಟರಕ್ಷಣಾ ಪಡೆಗೆ ಕರೆ ಮಾಡುವ ಸಂಖ್ಯೆ 1554. ವೈರ್‌ಲೆಸ್ ಇದ್ದರೆ 16ನೆಯ ಚಾನೆಲ್. ನನ್ನ ಶಿಷ್ಯರಲ್ಲಿ ಬೋಟಿನ ಮಾಲಿಕರಿದ್ದೀರಿ, ಬಂದರಿನಲ್ಲಿ ಮಂಜುಗಡ್ಡೆಯ ವ್ಯಾಪಾರ ಮಾಡುವವರಿದ್ದೀರಿ, ಸಂಘಗಳ ಪದಾಧಿಕಾರಿಗಳಿದ್ದೀರಿ. ಜೂನ್, ಜುಲೈ ತಿಂಗಳ ನಿಷೇಧದ ಅವಧಿಯಲ್ಲಿ ಬೋಟಿಗೆ ಬಣ್ಣ ಬಳಿಸುತ್ತೀರಲ್ಲ, ಆಗ ಚುಕ್ಕಾಣಿಯ ಎದುರಿನ ಹಲಗೆಯ ಮೇಲೆ ಈ ಎರಡು ಸಂಖ್ಯೆಗಳನ್ನು ದೊಡ್ಡದಾಗಿ ಬರೆಸಿರಿ. ಬರೆಸಿದವರು ನನಗೊಂದು ಸಾಲು ತಿಳಿಸಿದರೆ ಸಂತೋಷವಾಗುತ್ತದೆ.

ಎಲ್ಲರಿಗೂ ಶುಭವಾಗಲಿ.