ಹಳೆಯ ರೈಫಲ್‌ಗೆ ಹೊಸ ನಳಿಗೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕೂ ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಕಲ್ಲುಬೆಟ್ಟ, ಕುರುಚಲು ಕಾಡು, ಅದರ ಅಂಚಿಗೇ ಕಡಲೆಕಾಯಿ, ರಾಗಿ ಹೊಲಗಳಿರುವ ಸೀಮೆ ಇದು. ಹೊಲಕ್ಕೆ ಹಂದಿ ನುಗ್ಗದಂತೆ ಕಾಯಲು ಪರವಾನಗಿ ಪಡೆದ ಕೋವಿ ಇಟ್ಟುಕೊಳ್ಳುವುದು ಕರ್ನಾಟಕದ ಹಳ್ಳಿಗಾಡಿನಲ್ಲಿ ಹಿಂದಿನಿಂದ ಬಂದ ರೂಢಿ. ಅವುಗಳ ನಡುವೆ ಅಪರೂಪಕ್ಕೆ ಒಂದು ಪಾಯಿಂಟ್ 22 ರೈಫಲ್ ಇರುವುದೂ ಉಂಟು. ಅಜ್ಜ ಬೇಟೆಗೆ ಒಯ್ಯುತ್ತಿದ್ದ ಅಂಥ ರೈಫಲ್‌ನ ನಳಿಗೆ ತುಕ್ಕು ಹಿಡಿದಿದ್ದರೆ, ಹೊಸದನ್ನು ಹಾಕಿಸಿದರೆ ಸರಿಹೋದೀತೇ ಎಂಬ ಪ್ರಶ್ನೆ ಏಳುತ್ತದೆ. ಉತ್ತರಕ್ಕೆ ಭೌತಶಾಸ್ತ್ರ, ಗಣಿತ, ಕಾನೂನು ಮೂರೂ ಬೇಕು.

ರೈಫಲ್‌ನ ನಳಿಗೆ ಬರಿಯ ಕೊಳವೆಯಲ್ಲ. ಅದರ ಒಳಮೈಯಲ್ಲಿ ಸುರುಳಿಯಾಗಿ ಸಾಗುವ ತೋಡುಗಳಿರುತ್ತವೆ. ಸೀಸದ ಗುಂಡು ಈ ತೋಡುಗಳನ್ನು ಕಚ್ಚಿಕೊಂಡು ತಿರುಗುತ್ತಲೇ ಹೊರಬೀಳುತ್ತದೆ. ಸುತ್ತುವ ಬುಗುರಿ ನೆಟ್ಟಗೆ ನಿಲ್ಲುತ್ತದೆ, ನಿಧಾನವಾದರೆ ಓಲಾಡಿ ಬೀಳುತ್ತದೆ. ಗುಂಡಿನ ಕಥೆಯೂ ಅದೇ. ತಿರುಗುವ ಗುಂಡು ಮೂಗು ಮುಂದಾಗಿ ಹೋಗುತ್ತದೆ, ಸಾಕಷ್ಟು ತಿರುಗದ ಗುಂಡು ಗಾಳಿಯಲ್ಲಿ ಪಲ್ಟಿ ಹೊಡೆಯುತ್ತದೆ.

ಎಷ್ಟು ಉದ್ದಕ್ಕೆ ಒಂದು ಪೂರ್ತಿ ಸುತ್ತು ಇರಬೇಕು? ಇಂಗ್ಲೆಂಡಿನ ಗಣಿತಜ್ಞ ಜಾರ್ಜ್ ಗ್ರೀನ್‌ಹಿಲ್ 1879ರಲ್ಲಿ ಇದಕ್ಕೊಂದು ಸರಳ ಸೂತ್ರ ಕೊಟ್ಟರು. ಗುಂಡಿನ ವ್ಯಾಸದ ವರ್ಗವನ್ನು 150ರಿಂದ ಗುಣಿಸಿ, ಗುಂಡಿನ ಉದ್ದದಿಂದ ಭಾಗಿಸಬೇಕು. ಪಾಯಿಂಟ್ 22 ಗುಂಡಿನ ವ್ಯಾಸ ಸುಮಾರು 5.7 ಮಿ.ಮೀ., ಉದ್ದ ಸುಮಾರು 12 ಮಿ.ಮೀ. ಲೆಕ್ಕ ಹಾಕಿದರೆ 406 ಮಿ.ಮೀ., ಅಂದರೆ 16 ಇಂಚು ಬರುತ್ತದೆ. ಪಾಯಿಂಟ್ 22 ಲಾಂಗ್ ರೈಫಲ್ ತೋಟಾದ ನಳಿಗೆಗಳಲ್ಲಿ ಸಾಮಾನ್ಯವಾಗಿ ಇರುವುದೂ 16 ಇಂಚಿಗೆ ಒಂದು ಸುತ್ತೇ! ಸೆಕೆಂಡಿಗೆ 330 ಮೀಟರ್ ವೇಗದಲ್ಲಿ ಹೊರಡುವ ಗುಂಡು ಈ ಲೆಕ್ಕದಲ್ಲಿ ಸೆಕೆಂಡಿಗೆ 800ಕ್ಕೂ ಹೆಚ್ಚು ಸುತ್ತು ತಿರುಗುತ್ತದೆ.

ಹೊಸ ನಳಿಗೆ ಆರಿಸುವಾಗ ಮೊದಲು ನೋಡಬೇಕಾದ್ದು ತೋಟಾ ಕೂರುವ ಕೋಣೆಯನ್ನು. ಪಾಯಿಂಟ್ 22 ಎಂಬ ಒಂದೇ ಹೆಸರಿನಡಿ ಶಾರ್ಟ್, ಲಾಂಗ್ ರೈಫಲ್, ಮ್ಯಾಗ್ನಮ್ ಎಂದು ಬೇರೆ ಬೇರೆ ತೋಟಾಗಳಿವೆ. ಮ್ಯಾಗ್ನಮ್‌ನ ಹಿತ್ತಾಳೆ ಕವಚ ಹೆಚ್ಚು ದಪ್ಪ, ಹೆಚ್ಚು ಉದ್ದ, ಒತ್ತಡವೂ ಹೆಚ್ಚು. ಒಂದರ ಜಾಗಕ್ಕೆ ಇನ್ನೊಂದು ಸಲ್ಲದು. ಮುಂದಿನದು ಉದ್ದ. ನಳಿಗೆ ಉದ್ದವಾದಷ್ಟೂ ಗುಂಡು ಜೋರಾಗಿ ಹೋಗುತ್ತದೆಂಬ ನಂಬಿಕೆ ಇಲ್ಲಿ ನಡೆಯುವುದಿಲ್ಲ. ಲಾಂಗ್ ರೈಫಲ್ ತೋಟಾದಲ್ಲಿ ಮದ್ದು ಇರುವುದೇ ಚೂರು. ಅದರ ಬಲವೆಲ್ಲ ಸುಮಾರು 16ರಿಂದ 19 ಇಂಚಿನೊಳಗೆ ಮುಗಿಯುತ್ತದೆ. ಆಮೇಲಿನ ಉದ್ದ ಗುರಿ ಹಿಡಿಯಲು ಅನುಕೂಲವಾದೀತು, ವೇಗ ಕೂಡಿಸದು. ಮೂರನೆಯದು ದಪ್ಪ. ದಪ್ಪ ನಳಿಗೆ ಕಡಿಮೆ ಅದುರುತ್ತದೆ, ಗುರಿ ಅಭ್ಯಾಸಕ್ಕೆ ಒಳ್ಳೆಯದು. ಆದರೆ ಹೆಗಲಿಗೆ ಭಾರ.

ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ, ನಳಿಗೆ ನಿಜಕ್ಕೂ ಕೆಟ್ಟಿದೆಯೇ ಎಂಬುದು. ಮೆತ್ತನೆಯ ಸೀಸ ಉಕ್ಕನ್ನು ಬೇಗ ಸವೆಸುವುದಿಲ್ಲ. ಪಾಯಿಂಟ್ 22 ನಳಿಗೆ ಹಾಳಾಗುವುದು ಹೆಚ್ಚಾಗಿ ತುಕ್ಕಿನಿಂದ, ಇಲ್ಲವೇ ಕಬ್ಬಿಣದ ಸಲಾಕೆಯಿಂದ ಉಜ್ಜಿ ಬಾಯಿಯ ಅಂಚು ಕೆಡಿಸುವುದರಿಂದ. ಬರಿಯ ಸೀಸ, ಮಸಿ ಕಟ್ಟಿದ್ದರೆ ತಕ್ಕ ಶುಚಿಯೇ ಸಾಕು. ಒಳಗೆ ಗುಳಿ ಬಿದ್ದಿದ್ದರೆ, ಎಲ್ಲಾದರೂ ಉಬ್ಬಿದ್ದರೆ ಅದನ್ನು ಹಾರಿಸಿ ಪರೀಕ್ಷಿಸಬಾರದು. ಬಿರುಕು ಬಿಟ್ಟ ನಳಿಗೆ ಸಿಡಿದರೆ ಪೆಟ್ಟು ಬೀಳುವುದು ಹಿಡಿದವನ ಕೈಗೆ, ಕಣ್ಣಿಗೆ. ನಳಿಗೆ ಕೂರಿಸುವುದು ಲೇತ್ ಇರುವ ವರ್ಕ್‌ಶಾಪಿನವರು ಮಾಡುವ ಕೆಲಸವೂ ಅಲ್ಲ. ತೋಟಾದ ಹಿಂದಿನ ಸಂದು ಕೂದಲೆಳೆಯಷ್ಟು ತಪ್ಪಿದರೂ ಕವಚ ಒಡೆದು ಬಿಸಿ ಅನಿಲ ಮುಖಕ್ಕೆ ನುಗ್ಗಬಹುದು.

ಕಾನೂನೂ ಇದನ್ನೇ ಹೇಳುತ್ತದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಆಯುಧದ ಬಿಡಿಭಾಗವೂ ಆಯುಧವೇ. ಕೋವಿ ರಿಪೇರಿ ಮಾಡುವವರಿಗೂ ಪರವಾನಗಿ ಬೇಕು. ಅನುಮತಿಯಿಲ್ಲದೆ ನಳಿಗೆಯನ್ನು ಗಿಡ್ಡ ಮಾಡುವುದು ಅಪರಾಧ. ಅಜ್ಜನ ಹೆಸರಿನ ಪರವಾನಗಿ ಮೊಮ್ಮಗನಿಗೆ ತಾನಾಗಿ ಬರುವುದಿಲ್ಲ. ಪರವಾನಗಿದಾರರು ತೀರಿಕೊಂಡಿದ್ದರೆ ಕೋವಿಯನ್ನು ತಡಮಾಡದೆ ಹತ್ತಿರದ ಪೊಲೀಸ್ ಠಾಣೆಯಲ್ಲೋ ಪರವಾನಗಿ ಪಡೆದ ವ್ಯಾಪಾರಿಯಲ್ಲೋ ಇರಿಸಬೇಕು. ವಾರಸುದಾರರು ತಮ್ಮ ಹೆಸರಿಗೆ ಪರವಾನಗಿ ಪಡೆದ ಮೇಲಷ್ಟೇ ಮುಂದಿನ ಮಾತು.

ಇಷ್ಟೆಲ್ಲ ಮಾಡಿ ಹೊಸ ನಳಿಗೆ ಹಾಕಿಸುವುದು ಯಾವ ಕೆಲಸಕ್ಕೆ? ಬೇಟೆಗಂತೂ ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯ ಕಾಲವನ್ನು ಮುಗಿಸಿತು. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಎಂದು ಘೋಷಣೆಯಾಯಿತು. ಹಂದಿ ಓಡಿಸಲೂ ಈ ರೈಫಲ್ ತಕ್ಕುದಲ್ಲ. 2.6 ಗ್ರಾಂ ಗುಂಡು, ಸೆಕೆಂಡಿಗೆ 330 ಮೀಟರ್ ವೇಗ ಎಂದು ಚಲನಶಕ್ತಿ ಲೆಕ್ಕ ಹಾಕಿದರೆ ಸಿಗುವುದು 140 ಜೂಲ್ ಚಿಲ್ಲರೆ. ಅದು ಹಂದಿಯನ್ನು ಗಾಯಗೊಳಿಸಿ ಕೆರಳಿಸೀತು ಅಷ್ಟೆ. ಯಾವ ನಳಿಗೆ ಹಾಕಿದರೂ ಈ ಲೆಕ್ಕ ಹೆಚ್ಚು ಬದಲಾಗದು. ಆದರೆ ತಪ್ಪಿದ ಗುಂಡು ಒಂದು ಕಿಲೋಮೀಟರಿಗೂ ಆಚೆ ಹೋಗಬಲ್ಲದು, ಬಂಡೆಗೆ ತಗುಲಿ ದಿಕ್ಕು ಬದಲಿಸಬಲ್ಲದು. ಬಂಡೆಯೇ ತುಂಬಿದ ಈ ಸೀಮೆಯಲ್ಲಿ ಪಕ್ಕದ ಹೊಲದವರೂ ಜೀವಭಯದಲ್ಲಿರಬೇಕಾದೀತು. ಬೆಳೆ ಹಾನಿಯಾದರೆ ಅರಣ್ಯ ಇಲಾಖೆಗೆ ಅರ್ಜಿ ಕೊಟ್ಟು ಪರಿಹಾರ ಕೇಳುವ ದಾರಿಯಿದೆ.

ಈ ರೈಫಲ್‌ಗೆ ಮರ್ಯಾದೆಯ ಜಾಗ ಉಳಿದಿರುವುದು ಗುರಿ ಅಭ್ಯಾಸದ ಮೈದಾನದಲ್ಲಿ. ಮಹಾರಾಷ್ಟ್ರದ ಕೊಲ್ಹಾಪುರ ಜಿಲ್ಲೆಯ ಹಳ್ಳಿಯೊಂದರ ಸ್ವಪ್ನಿಲ್ ಕುಸಾಳೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ರೈಫಲ್ ಸ್ಪರ್ಧೆಯ ಕಂಚು ಗೆದ್ದದ್ದು ಇದೇ ಪಾಯಿಂಟ್ 22 ತೋಟಾದಿಂದ. ಮಕ್ಕಳಿಗೆ ಆಸಕ್ತಿಯಿದ್ದರೆ ತರಬೇತುದಾರರ ಕಣ್ಣೆದುರು ಏರ್ ರೈಫಲ್‌ನಿಂದ ಮೊದಲು ಮಾಡಲಿ. ಗುರಿ ಅಭ್ಯಾಸಕ್ಕೂ ಹೋಗದ, ಕಾಗದಪತ್ರವೂ ಸರಿಯಿಲ್ಲದ ರೈಫಲ್‌ಗೆ ಹೊಸ ನಳಿಗೆ ಹುಡುಕುವ ಬದಲು, ಅಪ್ಪ ಅಮ್ಮ ಮೊದಲು ಹುಡುಕಬೇಕಾದ್ದು ಅದರ ಪರವಾನಗಿ ಪುಸ್ತಕವನ್ನು. ಅದು ಸಿಗುವವರೆಗೆ ಕೋವಿಯನ್ನು ಮಕ್ಕಳ ಕೈಗೆ ಕೊಡಬಾರದು, ಒರೆಸುವುದಕ್ಕೂ.